ಕೂಡಿ ದುಡಿಯುವ ಯಂತ್ರಬುದ್ಧಿಗಳೂ ಅವುಗಳ ನಡುವಣ ದೋಷವೂ

ಒಬ್ಬನೇ ಮಾಡುವ ಕಾರ್ಯದಲ್ಲಿ ತಪ್ಪು ಸಂಭವಿಸಿದರೆ ಅದರ ಮೂಲವನ್ನು ಹುಡುಕುವುದು ಅಷ್ಟು ಕಷ್ಟವಲ್ಲ. ಹಲವರು ಕೂಡಿ ಮಾಡುವ ಕಾರ್ಯದ ಮಾತು ಹಾಗಲ್ಲ. ಅಲ್ಲಿ ಪ್ರತಿಯೊಬ್ಬನೂ ತನ್ನ ಪಾಲಿನ ಕೆಲಸವನ್ನು ಲೋಪವಿಲ್ಲದೆ ನೆರವೇರಿಸಿದ್ದರೂ ಒಟ್ಟು ಕಾರ್ಯವು ಕೆಟ್ಟುಹೋಗುವುದುಂಟು. ಮದುವೆಯ ಮನೆಯಲ್ಲಿ ಅನ್ನ ಬಡಿಸುವವನು ಮೊದಲು ತುಪ್ಪ ಬೀಳಲೆಂದು ಪಾತ್ರೆಯನ್ನು ಹಿಡಿದು ನಿಂತಿರುತ್ತಾನೆ. ತುಪ್ಪದವನು ಮೊದಲು ಅನ್ನ ಬೀಳಲೆಂದು ಮಿಳ್ಳೆಯನ್ನು ಹಿಡಿದು ನಿಂತಿರುತ್ತಾನೆ. ಪಂಕ್ತಿಯಲ್ಲಿ ಕುಳಿತವರು ಇಬ್ಬರ ಮುಖವನ್ನೂ ನೋಡುತ್ತಿರುತ್ತಾರೆ. ಇವರಲ್ಲಿ ಸೋಮಾರಿ ಯಾರು? ಯಾರೂ ಅಲ್ಲ. ಇಬ್ಬರೂ ತಮಗೆ ಹೇಳಿದ ನಿಯಮವನ್ನೇ ಪಾಲಿಸುತ್ತಿದ್ದಾರೆ. ದೋಷವು ಆ ನಿಯಮಗಳನ್ನು ಹೊಂದಿಸಿದವನ ಯೋಜನೆಯಲ್ಲಿದೆ. ಇವರು ಮನುಷ್ಯರಾದುದರಿಂದ ಮನೆಯ ಹಿರಿಯರೊಬ್ಬರು ಗದರಿಸಿದೊಡನೆ ಕೆಲಸವು ಮುಂದುವರಿಯುತ್ತದೆ. ಗದರಿಸುವ ಹಿರಿಯರಿಲ್ಲದ ಕಡೆಯಲ್ಲಿ, ಭೂಮಿಯಿಂದ ಕೋಟಿಗಟ್ಟಲೆ ಮೈಲಿಗಳಾಚೆ, ಯಂತ್ರದ ಬುದ್ಧಿಗಳೇ ಹೀಗೆ ಒಂದನ್ನೊಂದು ಕಾಯುತ್ತ ನಿಂತರೆ ಗತಿಯೇನು? ಇದು ಬರಿಯ ಕಲ್ಪನೆಯಲ್ಲ. 1999ನೆಯ ಇಸವಿಯಲ್ಲಿ ನಡೆದ ಸಂಗತಿ. ಅದರ ಪೂರ್ವೋತ್ತರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಗಣಕಯಂತ್ರ ಶಾಸ್ತ್ರದಲ್ಲಿ ‘ಏಜೆಂಟ್’ ಎಂಬ ಮಾತು ಈಚೆಗೆ ಬಹಳವಾಗಿ ಬಳಕೆಗೆ ಬಂದಿದೆ. ವರ್ತಕರು ಪರಸ್ಥಳಗಳಲ್ಲಿ ತಮ್ಮ ಪರವಾಗಿ ವ್ಯವಹಾರ ನಡೆಸುವುದಕ್ಕೆ ಏಜೆಂಟರನ್ನು ನೇಮಿಸುತ್ತಾರಷ್ಟೆ. ಅದರಂತೆಯೇ, ಸುತ್ತಣ ಪರಿಸ್ಥಿತಿಯನ್ನು ತಿಳಿದುಕೊಂಡು, ಒಪ್ಪಿಸಿದ ಗುರಿಗೆ ತಕ್ಕ ಹೆಜ್ಜೆಗಳನ್ನು ತಾನೇ ನಿಶ್ಚಯಿಸಿ ನಡೆಯತಕ್ಕ ತಂತ್ರಾಂಶಕ್ಕೆ ಈ ಹೆಸರು ಸಲ್ಲುತ್ತದೆ. ಇಂಥವು ಹಲವು ಸೇರಿ, ಒಂದಕ್ಕೊಂದು ಸಂದೇಶಗಳನ್ನು ಕಳುಹಿಸಿಕೊಳ್ಳುತ್ತ, ಒಂದು ಕಾರ್ಯವನ್ನು ಸಾಧಿಸುವ ಏರ್ಪಾಡೇ ಬಹು-ಏಜೆಂಟ್ ವ್ಯವಸ್ಥೆ. ಹೆಸರು ಹೊಸದಾದರೂ ಅದರೊಳಗಣ ತೊಡಕು ಹಳೆಯದು. ಒಂದಕ್ಕಿಂತ ಹೆಚ್ಚು ಕರ್ತೃಗಳು ಏಕಕಾಲದಲ್ಲಿ ನಡೆಯತೊಡಗಿದ ದಿನವೇ ಅದು ಹುಟ್ಟಿತು.

ಈ ತೊಡಕನ್ನು ಶಾಸ್ತ್ರೀಯವಾಗಿ ಮೊದಲು ಎತ್ತಿ ತೋರಿಸಿದವರಲ್ಲಿ ಹಾಲೆಂಡ್ ದೇಶದ ಎಡ್ಸ್‌ಗರ್ ಡೈಕ್‌ಸ್ಟ್ರಾ ಎಂಬ ಪಂಡಿತನು ಮುಖ್ಯನು. 1965ರಲ್ಲಿ ಅವನು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದನು. ಹಲವು ಗಣಕ ಕಾರ್ಯಗಳು ಒಟ್ಟಿಗೆ ನಡೆಯುತ್ತಿರುವಾಗ, ಒಂದು ಸಮಯಕ್ಕೆ ಒಂದೇ ಪ್ರವೇಶಿಸತಕ್ಕ ಎಡೆಯನ್ನು ಕಾಪಾಡುವುದು ಹೇಗೆಂಬುದು ಅದರ ವಿಷಯ. ಅದೇ ವರ್ಷ ಅವನು ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆಯನ್ನು ಕೊಟ್ಟನು. ಐದು ಗಣಕಯಂತ್ರಗಳು ಕೆಲವು ಟೇಪ್ ಯಂತ್ರಗಳಿಗಾಗಿ ಪೈಪೋಟಿ ಮಾಡುವ ಆ ಪ್ರಶ್ನೆಯನ್ನು ಟೋನಿ ಹೋರ್ ಎಂಬ ಆಂಗ್ಲ ವಿದ್ವಾಂಸನು ಐವರು ತತ್ತ್ವಜ್ಞಾನಿಗಳ ಭೋಜನದ ಕಥೆಯಾಗಿ ಮಾರ್ಪಡಿಸಿದನು. ದುಂಡಗಿನ ಮೇಜಿನ ಸುತ್ತ ಐವರು ಕುಳಿತಿದ್ದಾರೆ. ಇಬ್ಬಿಬ್ಬರ ನಡುವೆ ಒಂದೊಂದರಂತೆ ಐದೇ ಫೋರ್ಕುಗಳಿವೆ. ಉಣ್ಣಬೇಕಾದರೆ ಒಬ್ಬನಿಗೆ ಎರಡು ಬೇಕು. ಎಲ್ಲರೂ ಏಕಕಾಲದಲ್ಲಿ ತಮ್ಮ ಎಡಗಡೆಯದನ್ನು ಎತ್ತಿಕೊಂಡರೆಂದರೆ ಬಲಗಡೆಯದು ಯಾರಿಗೂ ದೊರೆಯದು. ಹಿಡಿದುದನ್ನು ಯಾರೂ ಬಿಡರು. ಅನ್ನದ ಮುಂದೆಯೇ ಐವರೂ ಹಸಿದು ಸಾಯಬೇಕು. ಈ ಪರಸ್ಪರ ಸ್ತಂಭನಕ್ಕೆ ‘ಡೆಡ್‌ಲಾಕ್’ ಎಂದು ಹೆಸರು.

ಇಂಥ ದೋಷವು ಬಲ್ಲವರ ಕಣ್ಣನ್ನೂ ಹೇಗೆ ತಪ್ಪಿಸುವುದೆಂಬುದಕ್ಕೆ ಮರುವರ್ಷವೇ ಒಂದು ದೃಷ್ಟಾಂತ ದೊರೆಯಿತು. 1966ರ ಜನವರಿಯಲ್ಲಿ ಹ್ಯಾರಿಸ್ ಹೈಮನ್ ಎಂಬಾತನು, ಕರ್ತೃಗಳು ಇಬ್ಬರೇ ಇರುವಾಗ ಡೈಕ್‌ಸ್ಟ್ರಾನ ಉಪಾಯವನ್ನು ಬಹಳ ಸುಲಭಗೊಳಿಸಬಹುದೆಂದು ಕೆಲವೇ ಸಾಲುಗಳ ಒಂದು ಪರಿಹಾರವನ್ನು ಅದೇ ಪತ್ರಿಕೆಯಲ್ಲಿ ಅಚ್ಚು ಮಾಡಿಸಿದನು. ಓದಿದವರಿಗೆ ಅದು ಸರಿಯೆಂದೇ ತೋರುವಂತಿತ್ತು. ಆದರೆ ಆ ವರ್ಷದ ಮೇ ತಿಂಗಳಲ್ಲಿ ಡೊನಾಲ್ಡ್ ಕ್ನೂತ್ ಎಂಬ ಅಮೆರಿಕದ ಪಂಡಿತನು ಅದು ತಪ್ಪೆಂಬುದನ್ನು ತೋರಿಸಿಕೊಟ್ಟನು. ಹೆಜ್ಜೆಗಳು ಒಂದು ಅಪೂರ್ವವಾದ ಕ್ರಮದಲ್ಲಿ ಹೆಣೆದುಕೊಂಡಾಗ ಇಬ್ಬರೂ ಒಟ್ಟಿಗೆ ಒಳಗೆ ನುಗ್ಗುವರು. ಒಂದು ಪುಟವನ್ನೂ ತುಂಬದ ಯೋಜನೆಯಲ್ಲಿ, ಇಬ್ಬರೇ ಕರ್ತೃಗಳಿರುವಲ್ಲಿ, ಪರಿಣತರ ಪತ್ರಿಕೆಯಲ್ಲಿ ಹೀಗಾಯಿತು. ಆದರೂ ಇದರಲ್ಲಿ ಒಂದು ಸಮಾಧಾನವಿದೆ. ತಪ್ಪು ಸಿಕ್ಕಿದ್ದು ಕಾಗದದ ಮೇಲೆ. ಆ ಉಪಾಯವನ್ನು ನಂಬಿ ಯಾವ ಯಂತ್ರವೂ ಕೆಡುವ ಮೊದಲೇ ಓದುಗನೊಬ್ಬನು ಅದನ್ನು ಹಿಡಿದನು.

ಯಂತ್ರವನ್ನು ನಡೆಸಿ ನೋಡಿದರೆ ತಪ್ಪು ತಾನಾಗಿಯೇ ಗೊತ್ತಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಇದಕ್ಕೆ ಉತ್ತರವನ್ನು ಲೆಕ್ಕವೇ ಹೇಳುತ್ತದೆ. ಒಬ್ಬ ಕರ್ತೃವು ಹತ್ತು ಹೆಜ್ಜೆ ಇಡುವನೆಂದಿಟ್ಟುಕೊಳ್ಳೋಣ. ಅವು ನಡೆಯುವ ಕ್ರಮ ಒಂದೇ. ಹತ್ತು ಹತ್ತು ಹೆಜ್ಜೆಗಳ ಇಬ್ಬರು ಕರ್ತೃಗಳಿದ್ದರೆ, ಆ ಇಪ್ಪತ್ತು ಹೆಜ್ಜೆಗಳು ಒಂದರೊಳಗೊಂದು ಹೆಣೆದುಕೊಳ್ಳುವ ಕ್ರಮಗಳು 1,84,756. ಮೂವರಾದರೆ ಆ ಸಂಖ್ಯೆಯು ಐದೂವರೆ ಲಕ್ಷ ಕೋಟಿಯನ್ನು ಮೀರುತ್ತದೆ. ನಾವು ಯಂತ್ರವನ್ನು ಒಂದು ಸಲ ನಡೆಸಿದರೆ ನೋಡಿದಂತಾಗುವುದು ಇವುಗಳಲ್ಲಿ ಒಂದೇ ಒಂದು ಕ್ರಮ. ಸಾವಿರ ಸಲ ನಡೆಸಿದರೂ ಬಹುಶಃ ಸಾಮಾನ್ಯವಾದ ಕೆಲವು ಕ್ರಮಗಳೇ ಮತ್ತೆ ಮತ್ತೆ ಬರುವುವು. ಕೆಡಕನ್ನು ತರುವ ಕ್ರಮವು ಮೂಲೆಯಲ್ಲಿ ಅಡಗಿಕೊಂಡು ಕಾಯುತ್ತಿರುತ್ತದೆ. ಪರೀಕ್ಷಿಸಿ ನೋಡುವುದರಿಂದ ತಪ್ಪು ಇರುವುದನ್ನು ತೋರಿಸಬಹುದೇ ಹೊರತು ಇಲ್ಲದಿರುವುದನ್ನು ತೋರಿಸಲಾಗದೆಂದು ಡೈಕ್‌ಸ್ಟ್ರಾನು ಹೇಳುತ್ತಿದ್ದುದರ ತಾತ್ಪರ್ಯವಿದೇ.

ಈ ಮಾತಿನ ಸತ್ಯತೆಯು 1990ನೆಯ ಇಸವಿ ಜನವರಿ 15ರಂದು ಅಮೆರಿಕದ ಜನಸಾಮಾನ್ಯರಿಗೂ ಮನದಟ್ಟಾಯಿತು. ಆ ದಿನ ಎ.ಟಿ. ಅಂಡ್ ಟಿ. ಎಂಬ ಟೆಲಿಫೋನ್ ಕಂಪೆನಿಯ ದೂರದ ಕರೆಗಳ ಜಾಲವು ಸುಮಾರು ಒಂಬತ್ತು ಗಂಟೆಗಳ ಕಾಲ ತತ್ತರಿಸಿತು. ನ್ಯೂಯಾರ್ಕಿನ ಒಂದು ಸ್ವಿಚ್ಚು ತನ್ನೊಳಗೆ ಏನೋ ತೊಂದರೆಯಾದುದನ್ನು ಕಂಡು, ನಿಯಮದಂತೆ ಕೆಲವು ಸೆಕೆಂಡುಗಳ ಕಾಲ ಕೆಲಸ ನಿಲ್ಲಿಸಿ, ಚೇತರಿಸಿಕೊಂಡು, ಮತ್ತೆ ಕರೆಗಳನ್ನು ಕಳುಹಿಸತೊಡಗಿತು. ನೆರೆಯ ಸ್ವಿಚ್ಚು ‘ಇದು ಚೇತರಿಸಿಕೊಂಡಿದೆ’ ಎಂದು ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತಿರುವಾಗಲೇ ಎರಡನೆಯ ಸಂದೇಶವೂ ಬಂದಿತು. ಇಷ್ಟು ಬೇಗನೆ ಎರಡು ಬರುವುದನ್ನು ಆ ಪ್ರೋಗ್ರಾಮಿನಲ್ಲಿದ್ದ ಒಂದು ಸಾಲಿನ ತಪ್ಪು ತಾಳಲಾರದೆ ಹೋಯಿತು. ನೆರೆಯದೂ ಕೆಲಸ ನಿಲ್ಲಿಸಿ ಚೇತರಿಸಿಕೊಂಡಿತು. ಹಾಗೆ ಚೇತರಿಸಿಕೊಂಡುದೇ ಅದರ ನೆರೆಯವುಗಳಿಗೆ ಕಂಟಕವಾಯಿತು. ಎಲ್ಲವುಗಳಲ್ಲಿಯೂ ಇದ್ದುದು ಒಂದೇ ಪ್ರೋಗ್ರಾಂ. ಹೀಗೆ 114 ಸ್ವಿಚ್ಚುಗಳು ಸರದಿಯ ಮೇಲೆ ಒಂದನ್ನೊಂದು ಮಲಗಿಸುತ್ತ ಹೋದವು. ತನ್ನನ್ನು ತಾನು ಸರಿಪಡಿಸಿಕೊಳ್ಳುವ ಗುಣವು ಒಂಟಿಯಾದ ಯಂತ್ರಕ್ಕೆ ಭೂಷಣ. ಇಲ್ಲಿ ಅದೇ ಗುಣವು ಸಮೂಹಕ್ಕೆ ಸಾಂಕ್ರಾಮಿಕವಾಯಿತು. ಆ ಪ್ರೋಗ್ರಾಮನ್ನು ಸ್ಥಾಪಿಸಿದ್ದು ಹಿಂದಿನ ಡಿಸೆಂಬರಿನಲ್ಲಿ. ಸುಮಾರು ಒಂದು ತಿಂಗಳು ಅದು ಯಾವ ತಂಟೆಯೂ ಇಲ್ಲದೆ ನಡೆದಿತ್ತು.

ಹಾಗಾದರೆ ಉಪಾಯವೇನು? ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆಯಂತಾಗದೆ, ಯೋಜನೆಯು ಕಾಗದದ ಮೇಲಿರುವಾಗಲೇ ಅದರ ಎಲ್ಲ ಕ್ರಮಗಳನ್ನೂ ಶೋಧಿಸಿ ನೋಡುವ ದಾರಿಯುಂಟೆ? ಈ ಪ್ರಶ್ನೆಗೆ ಉತ್ತರವು ಮೆಲ್ಲಮೆಲ್ಲನೆ ಕೂಡಿಬಂದಿತು. ಮೊದಲು ಬೇಕಾದುದು, ಕರ್ತೃಗಳಿಂದ ನಾವು ಬಯಸುವುದೇನೆಂಬುದನ್ನು ಸಂದಿಗ್ಧವಿಲ್ಲದೆ ಹೇಳುವ ಭಾಷೆ. 1977ರಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಎಂಬ ಅಮೆರಿಕದ ವಿದ್ವಾಂಸನು ಇಂಥ ಬಯಕೆಗಳು ಎರಡು ಬಗೆಯವೆಂದು ವಿಂಗಡಿಸಿದನು: ಕೆಟ್ಟದ್ದು ಎಂದಿಗೂ ಆಗಕೂಡದು ಎಂಬುದೊಂದು, ಒಳ್ಳೆಯದು ಎಂದಾದರೊಮ್ಮೆ ಆಗಲೇಬೇಕು ಎಂಬುದಿನ್ನೊಂದು. ಏನನ್ನೂ ಮಾಡದೆ ಸುಮ್ಮನೆ ನಿಂತ ಯಂತ್ರವು ಮೊದಲನೆಯದನ್ನು ಸುಲಭವಾಗಿ ಪಾಲಿಸುತ್ತದೆ. ಆದುದರಿಂದಲೇ ಎರಡನೆಯದೂ ಅವಶ್ಯಕ. ಅದೇ ವರ್ಷ ಇಸ್ರೇಲಿನ ಅಮೀರ್ ಪ್ನುಯೇಲಿಯು ‘ಎಂದಿಗೂ’, ‘ಎಂದಾದರೊಮ್ಮೆ’ ಎಂಬ ಕಾಲವಾಚಕಗಳನ್ನು ಅಳವಡಿಸಿಕೊಂಡ ತರ್ಕಶಾಸ್ತ್ರವನ್ನು ಪ್ರೋಗ್ರಾಮುಗಳಿಗೆ ಅನ್ವಯಿಸಿ ತೋರಿಸಿದನು. ತತ್ತ್ವಶಾಸ್ತ್ರಜ್ಞರು ಕಾಲದ ವಿಚಾರಕ್ಕಾಗಿ ಕಟ್ಟಿದ್ದ ತರ್ಕವು ಹೀಗೆ ಯಂತ್ರಗಳ ಸೇವೆಗೆ ಬಂದಿತು.

ಎರಡನೆಯದಾಗಿ ಬೇಕಾದುದು ಶೋಧನೆಯ ವಿಧಾನ. 1981ರಲ್ಲಿ ಅಮೆರಿಕದ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್ ಎಂಬವರೂ, ಅವರನ್ನು ಅವಲಂಬಿಸದೆಯೇ 1982ರಲ್ಲಿ ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಮತ್ತು ಅವನ ಸಹೋದ್ಯೋಗಿಯೂ ಒಂದೇ ಮಾರ್ಗವನ್ನು ಕಂಡುಹಿಡಿದರು. ಯೋಜನೆಯ ಸಾರವನ್ನು ಒಂದು ಚಿಕ್ಕ ಮಾದರಿಯಾಗಿ ಬರೆದುಕೊಳ್ಳುವುದು. ಆ ಮಾದರಿಯು ತಲಪಬಹುದಾದ ಸ್ಥಿತಿಗಳನ್ನೆಲ್ಲ ಗಣಕಯಂತ್ರದಿಂದಲೇ ಒಂದೂ ಬಿಡದೆ ನಡೆದು ನೋಡಿಸುವುದು. ಎಲ್ಲಿಯಾದರೂ ನಿಯಮಭಂಗವಾದರೆ ಅಲ್ಲಿಗೆ ಬಂದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ಒಪ್ಪಿಸುವುದು. ಇದಕ್ಕೆ ‘ಮಾಡೆಲ್ ಚೆಕಿಂಗ್’ ಎಂದು ಹೆಸರು. ಕನ್ನಡದಲ್ಲಿ ಮಾದರಿ ಶೋಧನೆ ಎನ್ನಬಹುದು. ತಪ್ಪಿದೆ ಎಂದಷ್ಟೇ ಹೇಳಿ ಸುಮ್ಮನಾಗದೆ, ತಪ್ಪಿಗೆ ಕರೆದೊಯ್ಯುವ ದಾರಿಯನ್ನೇ ಕೈಗೆ ಕೊಡುವುದು ಇದರ ಹೆಚ್ಚಳ. ಪ್ನುಯೇಲಿಗೆ 1996ರಲ್ಲಿಯೂ, ಕ್ಲಾರ್ಕ್, ಎಮರ್ಸನ್, ಸಿಫಾಕಿಸ್ ಈ ಮೂವರಿಗೆ 2007ರಲ್ಲಿಯೂ, ಲ್ಯಾಂಪೋರ್ಟನಿಗೆ 2013ರಲ್ಲಿಯೂ ಈ ಶಾಸ್ತ್ರದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿಯು ಸಂದಿತು. ಇತ್ತ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಜೆರಾರ್ಡ್ ಹೋಲ್ಜ್‌ಮನ್ ಎಂಬಾತನು ‘ಸ್ಪಿನ್’ ಎಂಬ ಶೋಧಕವನ್ನು ನಿರ್ಮಿಸಿ, 1991ರಿಂದ ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟನು.

ಇಂಥ ಶೋಧನೆಯ ಬೆಲೆಯನ್ನು ತೋರಿಸುವ ಒಂದು ಪ್ರಕರಣವನ್ನು ಇಲ್ಲಿ ಹೇಳಬೇಕು. ದೂರದಲ್ಲಿರುವ ಇಬ್ಬರು ತಾವು ಮಾತಾಡುತ್ತಿರುವುದು ಒಬ್ಬರೊಡನೊಬ್ಬರೇ ಎಂಬುದನ್ನು ಗುಪ್ತಲಿಪಿಯ ಮೂಲಕ ಖಚಿತಪಡಿಸಿಕೊಳ್ಳುವುದಕ್ಕೆ ರೋಜರ್ ನೀಡಮ್ ಮತ್ತು ಮೈಕೆಲ್ ಶ್ರೋಡರ್ ಎಂಬವರು 1978ರಲ್ಲಿ ಒಂದು ಸಂದೇಶಕ್ರಮವನ್ನು ಪ್ರಕಟಿಸಿದರು. ಅದರ ಸಾರಭಾಗವು ಮೂರೇ ಸಂದೇಶಗಳದು. ಮೊದಲನೆಯವನು ತನ್ನ ಹೆಸರನ್ನೂ ಒಂದು ಗುಟ್ಟಿನ ಸಂಖ್ಯೆಯನ್ನೂ ಕಳುಹಿಸುತ್ತಾನೆ. ಎರಡನೆಯವನು ಅದರ ಜೊತೆಗೆ ತನ್ನ ಗುಟ್ಟಿನ ಸಂಖ್ಯೆಯನ್ನು ಸೇರಿಸಿ ಹಿಂದಿರುಗಿಸುತ್ತಾನೆ. ಮೊದಲನೆಯವನು ಆ ಎರಡನೆಯ ಸಂಖ್ಯೆಯನ್ನು ಮರಳಿಸಿ ತಾನು ತಾನೇ ಎಂದು ಸಿದ್ಧಪಡಿಸುತ್ತಾನೆ. ಬಲ್ಲವರು ಇದನ್ನು ಓದಿದರು, ಬೋಧಿಸಿದರು, ತರ್ಕದಿಂದ ಪರಿಶೀಲಿಸಿ ಒಪ್ಪಿದರು. ಹದಿನೇಳು ವರ್ಷಗಳಾದ ಮೇಲೆ, 1995ರಲ್ಲಿ, ಇಂಗ್ಲೆಂಡಿನ ಗೇವಿನ್ ಲೋ ಎಂಬಾತನು ಇದರಲ್ಲಿ ಒಂದು ಬಿರುಕನ್ನು ಕಂಡನು. ಮೊದಲನೆಯವನು ಸದುದ್ದೇಶದಿಂದಲೇ ಒಬ್ಬ ವಂಚಕನೊಡನೆ ಮಾತು ಆರಂಭಿಸಿದರೆ, ಆ ವಂಚಕನು ಅವನ ಉತ್ತರಗಳನ್ನೇ ದಾಟಿಸಿ, ಬೇರೊಬ್ಬನ ಮುಂದೆ ತಾನೇ ಆ ಮೊದಲನೆಯವನೆಂದು ನಂಬಿಸಬಲ್ಲನು. ಮರುವರ್ಷ ಲೋ ಅದನ್ನೇ ಮಾದರಿ ಶೋಧಕವೊಂದಕ್ಕೆ ಒಪ್ಪಿಸಿದಾಗ, ವಂಚನೆಯ ದಾರಿಯನ್ನು ಯಂತ್ರವು ತಾನಾಗಿಯೇ ಬರೆದು ತೋರಿಸಿತು. ಪರಿಹಾರವಾದರೂ ಎಷ್ಟು ಸರಳ! ಎರಡನೆಯ ಸಂದೇಶದಲ್ಲಿ ಉತ್ತರ ಕೊಡುವವನು ತನ್ನ ಹೆಸರನ್ನು ಸೇರಿಸಿದರೆ ಸಾಕು. ಇಷ್ಟು ವರ್ಷ ಇದು ಕಾಣದಿದ್ದುದಕ್ಕೆ ಕಾರಣವೇನೆಂದರೆ, ಇಬ್ಬರ ನಡುವಣ ಮಾತಿನಲ್ಲಿ ಮೂರನೆಯವನು ಪಾಲುಗಾರನಾಗಿಯೇ ಬರಬಹುದೆಂಬ ಸಂಭವವನ್ನು ಪರಿಶೀಲಿಸಿದವರು ತಮ್ಮ ಪ್ರಶ್ನೆಯಲ್ಲಿ ಸೇರಿಸಿಕೊಂಡಿರಲಿಲ್ಲ.

ಇನ್ನು ಮೊದಲು ಹೇಳಿದ ಆಕಾಶದ ಪ್ರಸಂಗಕ್ಕೆ ಬರೋಣ. ಅಮೆರಿಕದ ಅಂತರಿಕ್ಷ ಸಂಸ್ಥೆಯಾದ ನಾಸಾ 1998ರ ಅಕ್ಟೋಬರ್ 24ರಂದು ‘ಡೀಪ್ ಸ್ಪೇಸ್ 1’ ಎಂಬ ನೌಕೆಯನ್ನು ಕಳುಹಿಸಿತು. ಹೊಸ ಉಪಕರಣಗಳನ್ನೂ ಹೊಸ ವಿಧಾನಗಳನ್ನೂ ಪರೀಕ್ಷಿಸುವುದೇ ಆ ನೌಕೆಯ ಮುಖ್ಯ ಕಾರ್ಯ. ಪರೀಕ್ಷಿಸಬೇಕಾಗಿದ್ದ ಹನ್ನೆರಡರಲ್ಲಿ ಒಂದು ‘ರಿಮೋಟ್ ಏಜೆಂಟ್’ ಎಂಬ ತಂತ್ರಾಂಶ. ಅದುವರೆಗೆ ನೌಕೆಗಳು ಭೂಮಿಯಿಂದ ಬಂದ ಆಜ್ಞೆಗಳನ್ನು ಸಾಲುಸಾಲಾಗಿ ಪಾಲಿಸುತ್ತಿದ್ದವು. ಇದಾದರೋ ‘ಇಂಥದನ್ನು ಸಾಧಿಸು’ ಎಂಬ ಗುರಿಯನ್ನು ಮಾತ್ರ ಪಡೆದು, ದಾರಿಯನ್ನು ತಾನೇ ನಿರ್ಣಯಿಸಬೇಕು. ಅದಕ್ಕೆ ಮೂರು ಅಂಗಗಳು. ಮೊದಲನೆಯದು ಕಾಲಕ್ಕೆ ತಕ್ಕ ಯೋಜನೆಯನ್ನು ಹಾಕುತ್ತದೆ. ಎರಡನೆಯದಾದ ನಿರ್ವಾಹಕವು ಅದನ್ನು ನಡೆಸುತ್ತದೆ. ಮೂರನೆಯದು ವೈದ್ಯನಂತೆ ನೌಕೆಯ ಲಕ್ಷಣಗಳನ್ನು ನೋಡಿ ಯಾವ ಭಾಗ ಕೆಟ್ಟಿದೆಯೆಂದು ಊಹಿಸಿ ಪರಿಹಾರವನ್ನು ಸೂಚಿಸುತ್ತದೆ. ನಿರ್ವಾಹಕದ ಒಳಗೂ ಹಲವು ಕಾರ್ಯಗಳು ಏಕಕಾಲದಲ್ಲಿ ನಡೆಯುತ್ತಿರುತ್ತವೆ. ಹೀಗೆ ಒಂದು ಹೆಸರಿನ ಅಡಿಯಲ್ಲಿ ಒಂದು ಸಂಸಾರವೇ ಇದ್ದಿತೆನ್ನಬಹುದು.

ನೌಕೆಯು ಹಾರುವುದಕ್ಕೆ ಮೊದಲೇ, 1997ರಲ್ಲಿ, ನಾಸಾದ ಏಮ್ಸ್ ಸಂಶೋಧನ ಕೇಂದ್ರದ ಕ್ಲಾಸ್ ಹ್ಯಾವ್‌ಲಂಡ್, ಮೈಕೆಲ್ ಲೌರಿ, ಜಾನ್ ಪೆನಿಕ್ಸ್ ಎಂಬವರು ಈ ನಿರ್ವಾಹಕದ ಒಂದು ಮುಖ್ಯ ಭಾಗವನ್ನು ತೆಗೆದುಕೊಂಡು, ಅದರ ಮಾದರಿಯನ್ನು ಬರೆದು ಸ್ಪಿನ್ ಶೋಧಕಕ್ಕೆ ಒಪ್ಪಿಸಿದರು. ಅದುವರೆಗೆ ಯಾರಿಗೂ ತಿಳಿಯದಿದ್ದ ಐದು ದೋಷಗಳು ಹೊರಬಿದ್ದವು. ಅವುಗಳಲ್ಲಿ ಒಂದರ ಸ್ವರೂಪವನ್ನು ಚೆನ್ನಾಗಿ ತಿಳಿದುಕೊಳ್ಳುವುದು ಅಗತ್ಯ. ಮುಂದಿನ ಕಥೆಯೆಲ್ಲವೂ ಅದನ್ನೇ ಅವಲಂಬಿಸಿದೆ.

ಒಂದು ಛತ್ರದ ಕಾವಲುಗಾರನಿಗೆ ಹೀಗೆ ಆಜ್ಞೆಯಾಗಿದೆಯೆಂದು ಭಾವಿಸೋಣ: ‘ಬಾಗಿಲಲ್ಲಿ ಯಾರಾದರೂ ಇದ್ದಾರೆಯೇ ನೋಡು. ಇದ್ದರೆ ಬಾಗಿಲು ತೆಗೆ. ಇಲ್ಲದಿದ್ದರೆ ಹೋಗಿ ಮಲಗು. ಗಂಟೆ ಬಾರಿಸಿದರೆ ಏಳು.’ ಬರುವ ಅತಿಥಿಗೂ ಆಜ್ಞೆಯುಂಟು: ‘ಬಂದೊಡನೆ ಒಂದು ಸಲ ಗಂಟೆ ಬಾರಿಸಿ, ಬಾಗಿಲು ತೆಗೆಯುವವರೆಗೆ ಕಾದಿರು.’ ಎರಡು ಆಜ್ಞೆಗಳೂ ಸಮಂಜಸವಾಗಿಯೇ ತೋರುತ್ತವೆ. ಆದರೆ ಕಾವಲುಗಾರನು ಬಾಗಿಲನ್ನು ನೋಡಿ, ಯಾರೂ ಇಲ್ಲವೆಂದು ತಿಳಿದು, ಹಾಸಿಗೆಯ ಕಡೆಗೆ ಹೊರಟ ಆ ಕ್ಷಣದಲ್ಲಿಯೇ ಅತಿಥಿಯು ಬಂದು ಗಂಟೆಯನ್ನು ಬಾರಿಸಿದರೆ? ಮಲಗಿದವನನ್ನು ಎಬ್ಬಿಸುವುದು ಗಂಟೆಯ ಕೆಲಸ; ಇನ್ನೂ ಮಲಗದವನನ್ನು ಅದು ಎಬ್ಬಿಸುವುದೆಂತು? ಯಂತ್ರವು ಆಜ್ಞೆಯ ಅಕ್ಷರವನ್ನು ಮೀರಿ ಆಲೋಚಿಸದು. ಕಾವಲುಗಾರನು ಹೋಗಿ ಮಲಗುತ್ತಾನೆ. ಅತಿಥಿಯು ಬಾಗಿಲಿಗಾಗಿಯೂ, ಕಾವಲುಗಾರನು ಆಗಲೇ ಬಾರಿಸಿ ಮುಗಿದ ಗಂಟೆಗಾಗಿಯೂ ಬೆಳಗಿನ ತನಕ ಕಾಯುತ್ತಾರೆ. ನೋಡುವುದಕ್ಕೂ ಮಲಗುವುದಕ್ಕೂ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ಈ ಅನರ್ಥವು ಅಡಗಿದೆ. ನೋಡಿ ಮಲಗುವ ಎರಡು ಕೆಲಸಗಳನ್ನೂ ನಡುವೆ ಯಾರೂ ಬರದಂತೆ ಒಂದೇ ಕೆಲಸವಾಗಿ ಬೆಸೆಯುವುದೇ ಅದಕ್ಕೆ ಪರಿಹಾರ. ಏಮ್ಸ್ ಕೇಂದ್ರದವರು ಕಂಡ ದೋಷವು ಈ ಜಾತಿಯದು. ಅದನ್ನು ತಂತ್ರಾಂಶದ ಕರ್ತರಿಗೆ ತಿಳಿಸಲಾಯಿತು.

1999ನೆಯ ಇಸವಿ ಮೇ 17ರಂದು, ನೌಕೆಯು ಭೂಮಿಯಿಂದ ಸುಮಾರು ಹತ್ತು ಕೋಟಿ ಕಿಲೋಮೀಟರು ದೂರದಲ್ಲಿದ್ದಾಗ, ರಿಮೋಟ್ ಏಜೆಂಟಿಗೆ ಅದರ ಅಧಿಕಾರವನ್ನು ವಹಿಸಿದರು. ಅಷ್ಟು ದೂರಕ್ಕೆ ಬೆಳಕಿನ ವೇಗದಲ್ಲಿ ಹೋಗುವ ಸಂದೇಶಕ್ಕೂ ಐದೂವರೆ ನಿಮಿಷ ಬೇಕು. ಉತ್ತರಕ್ಕೆ ಮತ್ತೆ ಅಷ್ಟು. ಮೊದಲ ದಿನದ ಕಾರ್ಯಗಳು ಸಾಂಗವಾಗಿ ನಡೆದವು. ಮರುದಿನ ಬೆಳಗ್ಗೆ ನೌಕೆಯ ಅಯಾನ್ ಎಂಜಿನನ್ನು ನಿಲ್ಲಿಸುವ ಆಜ್ಞೆಯನ್ನು ಏಜೆಂಟು ಕೊಡಬೇಕಾಗಿತ್ತು. ಹೊತ್ತು ಬಂದಿತು, ಹೊತ್ತು ಮೀರಿತು, ಆಜ್ಞೆಯು ಹೊರಡಲಿಲ್ಲ. ಎಂಜಿನು ಉರಿಯುತ್ತಲೇ ಇದ್ದಿತು. ಭೂಮಿಯ ಮೇಲಿದ್ದವರು ಪ್ರಯೋಗವನ್ನು ತಡೆದು, ದೂರದಿಂದಲೇ ಲಕ್ಷಣಗಳನ್ನು ತರಿಸಿಕೊಂಡು ನೋಡಿದರು. ನಿರ್ವಾಹಕದೊಳಗಿನ ಎರಡು ಕಾರ್ಯಗಳು ಒಂದನ್ನೊಂದು ಕಾಯುತ್ತ ನಿಂತುಬಿಟ್ಟಿದ್ದವು. ನೋಡುವುದಕ್ಕೂ ಮಲಗುವುದಕ್ಕೂ ನಡುವಣ ಅದೇ ಸಂದು ಅಲ್ಲಿಯೂ ತೆರೆದುಕೊಂಡಿದ್ದಿತು! ಭೂಮಿಯ ಮೇಲಣ ಪರೀಕ್ಷೆಗಳಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ ಆ ಅಪೂರ್ವ ಕ್ರಮವು ಆಕಾಶದಲ್ಲಿ ಎರಡನೆಯ ದಿನವೇ ಕಾಣಿಸಿಕೊಂಡಿತು.

ಸುದೈವದಿಂದ ನೌಕೆಗೆ ಅಪಾಯವೇನೂ ಆಗಲಿಲ್ಲ. ಮೇ 21ರಂದು ಆರು ಗಂಟೆಗಳ ಇನ್ನೊಂದು ಪ್ರಯೋಗವನ್ನು ಏರ್ಪಡಿಸಿ, ಉಳಿದ ಉದ್ದೇಶಗಳನ್ನೂ ನೆರವೇರಿಸಿಕೊಂಡರು. ಪರೀಕ್ಷೆಗಾಗಿ ಬೇಕೆಂದೇ ಒಡ್ಡಿದ ಕೃತಕ ದೋಷಗಳನ್ನು ಏಜೆಂಟು ಜಾಣ್ಮೆಯಿಂದ ಗುರುತಿಸಿ ನಿಭಾಯಿಸಿತು. ನೌಕೆಯು 2001ರ ಸೆಪ್ಟೆಂಬರಿನಲ್ಲಿ ಬೊರೆಲಿ ಎಂಬ ಧೂಮಕೇತುವಿನ ಬಳಿಗೂ ಹೋಗಿಬಂದಿತು. ಲೋಕದ ದೃಷ್ಟಿಯಲ್ಲಿ ಪ್ರಯೋಗವು ಸಫಲವಾಯಿತೆಂದೇ ಹೇಳಬೇಕು.

ಆದರೆ ಚರಿತ್ರೆಯನ್ನು ಬರೆಯುವವನು ಅಲ್ಲಿಗೇ ನಿಲ್ಲಲಾಗದು. ಆ ಘಟನೆಯಾದ ಬಳಿಕ ಏಮ್ಸ್ ಕೇಂದ್ರದವರು ಇನ್ನೊಂದು ಪರೀಕ್ಷೆಯನ್ನು ನಡೆಸಿದರು. ದೋಷವು ಎಲ್ಲಿದೆಯೆಂಬುದನ್ನು ತಮ್ಮ ಶೋಧಕರಿಗೆ ತಿಳಿಸದೆ, ತಂತ್ರಾಂಶವನ್ನು ಮಾತ್ರ ಮುಂದಿಟ್ಟು, ಹುಡುಕಿ ತೆಗೆಯಬಲ್ಲಿರಾ ಎಂದು ಕೇಳಿದರು. ಒಂದು ತಂಡವು ಪ್ರೋಗ್ರಾಮನ್ನು ಕಣ್ಣಿನಿಂದಲೇ ಓದಿ ಸಂಶಯಾಸ್ಪದವಾದ ಭಾಗವನ್ನು ಆರಿಸಿಕೊಟ್ಟಿತು. ಇನ್ನೊಂದು ಅದರ ಮಾದರಿಯನ್ನು ಬರೆದು ಶೋಧಿಸಿ, ಸ್ತಂಭನವಾಗುವ ದಾರಿಯನ್ನು ತೋರಿಸಿತು. ಅದು 1997ರಲ್ಲಿ ತಾವು ಕಂಡಿದ್ದ ದೋಷದ ಒಡಹುಟ್ಟೇ ಎಂಬುದು ಆಗ ಸ್ಪಷ್ಟವಾಯಿತು. ಮೊದಲು ಶೋಧಿಸಿದ್ದ ಭಾಗದಲ್ಲಿ ಅದು ಇರಲಿಲ್ಲ. ಶೋಧನೆಗೆ ಒಳಪಡದಿದ್ದ ಬೇರೊಂದು ಭಾಗದಲ್ಲಿ ಇದ್ದಿತು.

ಈ ಸಂಗತಿಯನ್ನು ಸ್ವಲ್ಪ ನಿಧಾನವಾಗಿ ಆಲೋಚಿಸಬೇಕು. ವಿದ್ಯೆಯು ಇದ್ದಿತು, ಉಪಕರಣವು ಇದ್ದಿತು, ಎರಡು ವರ್ಷ ಮುಂಚಿತವಾಗಿಯೇ ಆ ಬಗೆಯ ದೋಷವನ್ನು ಹೆಸರಿಟ್ಟು ಗುರುತಿಸಿದವರೂ ಇದ್ದರು. ಆದರೂ ಅದು ಆಕಾಶಕ್ಕೆ ಏರಿತು. ಒಂದು ತೊಲೆಯಲ್ಲಿ ಗೆದ್ದಲನ್ನು ಕಂಡ ಗೃಹಸ್ಥನು ಆ ತೊಲೆಯನ್ನು ಬದಲಾಯಿಸಿ ನಿಶ್ಚಿಂತನಾದರೆ ಮನೆಯು ಉಳಿಯುವುದೆ? ಅದೇ ಮರದ ಉಳಿದ ತೊಲೆಗಳನ್ನೂ ತಟ್ಟಿ ನೋಡುವುದು ಕ್ರಮ. ಬೇಗನೆ ಕಂಡುಹಿಡಿದ ದೋಷದ ಬೆಲೆಯು ಅದನ್ನು ಸರಿಪಡಿಸಿದಲ್ಲಿಗೆ ಮುಗಿಯುವುದಿಲ್ಲ. ಅದು ಒಂದು ಜಾತಿಯ ಪರಿಚಯವನ್ನು ಮಾಡಿಕೊಡುತ್ತದೆ. ಆ ಜಾತಿಯು ಇನ್ನೆಲ್ಲಿ ಮನೆ ಮಾಡಿಕೊಂಡಿರಬಹುದೆಂದು ಕೇಳುವ ಹೊಣೆಯನ್ನೂ ಹೊರಿಸುತ್ತದೆ. ಈ ಎರಡನೆಯ ಕೆಲಸವನ್ನು ಯಾವ ಶೋಧಕ ಯಂತ್ರವೂ ತಾನಾಗಿ ಮಾಡದು. ಅದಕ್ಕೆ ಮನುಷ್ಯರ ನಡುವೆ ತಿಳಿವಳಿಕೆಯು ಹರಿದಾಡಬೇಕು. ಏಜೆಂಟುಗಳ ನಡು ಸಂದಿನಲ್ಲಿ ದೋಷವಿರುವಂತೆಯೇ, ಅವನ್ನು ಕಟ್ಟುವ ತಂಡಗಳ ನಡುವೆಯೂ ಒಂದು ಸಂದಿರುತ್ತದೆ.

ಇಲ್ಲಿ ಒಂದು ಆಕ್ಷೇಪವನ್ನು ಪರಿಗಣಿಸುವುದು ನ್ಯಾಯ. ಕರ್ತೃಗಳು ಹೆಚ್ಚಿದಂತೆ ಶೋಧಿಸಬೇಕಾದ ಸ್ಥಿತಿಗಳು ಬೆಟ್ಟದಂತೆ ಬೆಳೆಯುತ್ತವೆ. ಹತ್ತು ಹತ್ತು ಸ್ಥಿತಿಗಳುಳ್ಳ ಹತ್ತು ಏಜೆಂಟುಗಳಿದ್ದರೆ ಒಟ್ಟು ಸ್ಥಿತಿಗಳು ಸಾವಿರ ಕೋಟಿ. ಎಲ್ಲವನ್ನೂ ಶೋಧಿಸುತ್ತ ಕುಳಿತರೆ ಕಟ್ಟುವುದೆಂದಿಗೆ ಎಂದು ಕೆಲಸಗಾರನು ಕೇಳುವುದು ಸಹಜ. ಶಾಸ್ತ್ರವು ಈ ಬೆಟ್ಟವನ್ನು ಹತ್ತುವ ಉಪಾಯಗಳನ್ನು ಕಂಡುಕೊಂಡಿರುವುದು ನಿಜ. 1990ರ ವೇಳೆಗೆ ಸ್ಥಿತಿಗಳನ್ನು ಒಂದೊಂದಾಗಿ ಎಣಿಸದೆ ಗುಂಪುಗುಂಪಾಗಿ ಸಂಕೇತಗಳಿಂದ ಹಿಡಿಯುವ ವಿಧಾನವು ಬಂದಿತು. ಆದರೂ ಮಾದರಿಯು ಮಾದರಿಯೇ. ಮೂಲದಲ್ಲಿರುವುದೆಲ್ಲ ಅದರಲ್ಲಿ ಬಾರದು. ಕೇಳದ ಪ್ರಶ್ನೆಗೆ ಅದು ಉತ್ತರ ಕೊಡದೆಂಬುದನ್ನು ನೀಡಮ್ ಮತ್ತು ಶ್ರೋಡರರ ಸಂದೇಶಕ್ರಮದಲ್ಲಿ ನೋಡಿದೆವು. ಆದಕಾರಣ ಈ ವಿದ್ಯೆಯನ್ನು ಸರ್ವರೋಗಕ್ಕೂ ಮದ್ದೆಂದು ಹೊಗಳುವುದು ಸಲ್ಲದು. ಆದರೆ ಅದನ್ನು ದುಬಾರಿಯೆಂದು ಬದಿಗಿಡುವವರು ಇನ್ನೊಂದು ಕಡೆಯ ಲೆಕ್ಕವನ್ನೂ ಬರೆದುಕೊಳ್ಳಬೇಕು. 1997ರ ಶೋಧನೆಯು ಕೆಲವೇ ಜನರ ಅಲ್ಪಕಾಲದ ಕೆಲಸ. ಅದರ ಮುಂದೆ ಹತ್ತು ಕೋಟಿ ಕಿಲೋಮೀಟರಿನಾಚೆ ನಿಲ್ಲದೆ ಉರಿಯುವ ಒಂದು ಎಂಜಿನನ್ನು ಇಟ್ಟು ತೂಗಿದರೆ ಯಾವುದು ದುಬಾರಿ?

ಈ ಹಳೆಯ ಕಥೆಯನ್ನು ಈಗ ಹೇಳುವುದಕ್ಕೆ ಕಾರಣವಿಲ್ಲದಿಲ್ಲ. ಮನುಷ್ಯರ ಭಾಷೆಯಲ್ಲಿಯೇ ಮಾತಾಡುವ ಏಜೆಂಟುಗಳು ಈಗ ಬಂದಿವೆ. ಒಂದು ಯೋಜನೆ ಹಾಕುವುದು, ಒಂದು ಪ್ರೋಗ್ರಾಂ ಬರೆಯುವುದು, ಮತ್ತೊಂದು ಅದನ್ನು ತಿದ್ದುವುದು ಎಂದು ಕೆಲಸವನ್ನು ಹಂಚಿಕೊಡುವ ಪದ್ಧತಿಯು ಹಬ್ಬುತ್ತಿದೆ. ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಸಂಶೋಧಕರೂ ಅವರ ಸಂಗಡಿಗರೂ ಇಂಥ ವ್ಯವಸ್ಥೆಗಳು ಏತಕ್ಕೆ ಸೋಲುತ್ತವೆಂದು ಪರಿಶೀಲಿಸಿ, 2025ರಲ್ಲಿ ಹದಿನಾಲ್ಕು ಬಗೆಯ ಸೋಲುಗಳನ್ನು ಪಟ್ಟಿ ಮಾಡಿದರು. ಅವನ್ನು ಮೂರು ವರ್ಗಗಳಾಗಿ ವಿಂಗಡಿಸಿದ್ದಾರೆ: ವ್ಯವಸ್ಥೆಯ ಯೋಜನೆಯಲ್ಲಿಯೇ ಇರುವ ಕೊರತೆ, ಏಜೆಂಟುಗಳ ನಡುವಣ ಹೊಂದಾಣಿಕೆಯ ಕೊರತೆ, ಮಾಡಿದ ಕೆಲಸವನ್ನು ಸರಿನೋಡುವುದರಲ್ಲಿನ ಕೊರತೆ. ಇವುಗಳನ್ನು ಓದುವಾಗ ಐವರು ತತ್ತ್ವಜ್ಞಾನಿಗಳ ಭೋಜನವೂ, ಟೆಲಿಫೋನ್ ಜಾಲವೂ, ಛತ್ರದ ಕಾವಲುಗಾರನೂ ನೆನಪಿಗೆ ಬಾರದಿರರು. ಈ ಹೊಸ ಏಜೆಂಟುಗಳಿಗೆ ಒಂದು ಹೆಚ್ಚಿನ ತೊಡಕೂ ಉಂಟು. ಹಳೆಯವು ನಿಯಮದ ಅಕ್ಷರವನ್ನು ಮೀರುತ್ತಿರಲಿಲ್ಲವಾದುದರಿಂದ ಅವುಗಳ ನಡತೆಯನ್ನು ಮಾದರಿಯಲ್ಲಿ ಹಿಡಿಯಬಹುದಾಗಿತ್ತು. ಇವುಗಳ ಉತ್ತರವಾದರೋ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರದು. ಏಜೆಂಟು ಏನನ್ನು ಹೇಳುವುದೆಂಬುದನ್ನು ಮುಂಚಿತವಾಗಿ ತಿಳಿಯಲಾಗದಿದ್ದರೂ, ಯಾರು ಯಾರಿಗಾಗಿ ಕಾಯಬೇಕು, ಎಷ್ಟು ಹೊತ್ತು ಕಾಯಬೇಕು, ಉತ್ತರ ಬಾರದಿದ್ದರೆ ಏನು ಮಾಡಬೇಕು, ಕೊನೆಯ ಮಾತು ಯಾರದು ಎಂಬ ಕಟ್ಟಳೆಗಳನ್ನಾದರೂ ಕಾಗದದ ಮೇಲೆ ಬರೆದು ಶೋಧಿಸಬಹುದು. ಕಟ್ಟುವವರು ಮೊದಲು ಮಾಡಬೇಕಾದ ಕೆಲಸವಿದು.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಮ್ಮ ಹಿರಿಯರು ಮಕ್ಕಳ ವಿಷಯದಲ್ಲಿ ಹೇಳುತ್ತಿದ್ದ ಮಾತು ಯಂತ್ರಗಳ ಯೋಜನೆಗೂ ಒಪ್ಪುತ್ತದೆ. ಹೈಮನ್ನನ ತಪ್ಪು ಮುದ್ರಿತ ಪುಟದ ಮೇಲೆಯೇ ಸಿಕ್ಕಿತು, ಯಾರಿಗೂ ನಷ್ಟವಾಗಲಿಲ್ಲ. ಟೆಲಿಫೋನಿನ ತಪ್ಪು ಜಾಲದಲ್ಲಿ ಸಿಕ್ಕಿತು; ಒಂದು ದೇಶದ ಮಾತು ಅರ್ಧ ದಿನ ಕಟ್ಟಿಹೋಯಿತು. ರಿಮೋಟ್ ಏಜೆಂಟಿನದು ಒಂದು ಭಾಗದಲ್ಲಿ ಕಾಗದದ ಮೇಲೂ, ಇನ್ನೊಂದು ಭಾಗದಲ್ಲಿ ಆಕಾಶದಲ್ಲೂ ಸಿಕ್ಕಿತು. ಈ ಮೂರರಲ್ಲಿಯೂ ಸಂದು ಕೂದಲೆಳೆಯಷ್ಟೇ ಕಿರಿದು. ಅದನ್ನು ಕಂಡ ಸ್ಥಳ ಮಾತ್ರ ಬೇರೆ ಬೇರೆ. ಹಲವರನ್ನು ಕೂಡಿಸಿ ಕಾರ್ಯಕ್ಕೆ ಹಚ್ಚುವವರು, ಅವರು ಮನುಷ್ಯರೇ ಆಗಿರಲಿ ಯಂತ್ರಗಳೇ ಆಗಿರಲಿ, ಒಬ್ಬೊಬ್ಬರ ಯೋಗ್ಯತೆಯನ್ನು ಪರೀಕ್ಷಿಸಿದ ಬಳಿಕ ಇಬ್ಬಿಬ್ಬರ ನಡುವಣ ಎಡೆಯನ್ನೂ ಒಮ್ಮೆ ದೀಪ ಹಿಡಿದು ನೋಡತಕ್ಕದ್ದು. ಅಲ್ಲೇನಾದರೂ ಕಂಡುಬಂದರೆ, ನೆರೆಯ ಕೋಣೆಯವರನ್ನೂ ಕರೆದು ತೋರಿಸತಕ್ಕದ್ದು.